ಗೃಹದಲ್ಲಿರತಕ್ಕ ಕೆಲವು ಗ್ರಂಥಗಳು

ಒಂದು ಕಾಲಕ್ಕೆ ಕಾಗದದ ಕಾರ್ಖಾನೆಯಿಂದ ಹೆಸರಾಗಿದ್ದ ನಮ್ಮ ಬೆಳಗೊಳದಲ್ಲಿಯೂ ಮಕ್ಕಳ ಪಠ್ಯಪುಸ್ತಕದ ಹೊರತು ಬೇರೊಂದು ಗ್ರಂಥವಿಲ್ಲದ ಮನೆಗಳನ್ನು ನಾವು ಕಂಡಿದ್ದೇವೆ. ಓದತಕ್ಕುದು ಯಾವುದೆಂದು ಕೇಳುವ ಗೃಹಸ್ಥರಿಗೆ ಸುತ್ತಲಿನ ನಾಲ್ಕು ತಾಲ್ಲೂಕುಗಳನ್ನೇ ತೋರಿಸುವೆವು.

ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ (1673-1704) ಅರಮನೆಯ ಊಳಿಗದಲ್ಲಿದ್ದ ಸಂಚಿಯ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದಳು. ಆಕೆ ವಿಧಿಸಿದುದೆಲ್ಲವೂ ಇಂದಿಗೆ ಸಲ್ಲಲಾರದು. ಆದರೆ ಹೆಣ್ಣೆಂದು ಹೀಯಾಳಿಸುವವರಿಗೆ ಆಕೆಯಿತ್ತ ಉತ್ತರವನ್ನು ಪುರುಷರೇ ಮೊದಲು ಓದಬೇಕು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರಾದ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವು ಹಾಡಿ ಸವಿಯಬೇಕಾದ ಗೇಯನಾಟಕ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಗಳ ‘ಮೈಸೂರ ಮಲ್ಲಿಗೆ’ಯಲ್ಲಿ (1942) ದಾಂಪತ್ಯದ ಮಾಧುರ್ಯವಿದೆ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಪ್ರಬಂಧಗಳಲ್ಲಿ ತಿಳಿಹಾಸ್ಯವಿದೆ. ನಾಗಮಂಗಲ ಸೀಮೆಯ ಎಚ್.ಎಲ್. ನಾಗೇಗೌಡರ ‘ದೊಡ್ಡಮನೆ’ಯು ಹಳ್ಳಿಯ ಬಾಳನ್ನು ಚಿತ್ರಿಸುವ ಕಾದಂಬರಿ, ಅವರ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳು ವಿದೇಶೀ ಯಾತ್ರಿಕರ ಕಣ್ಣಿನಿಂದ ನಮ್ಮ ದೇಶವನ್ನು ಕಾಣಿಸುತ್ತವೆ.

ಎಲ್ಲವನ್ನೂ ಒಮ್ಮೆಗೇ ಕೊಳ್ಳಬೇಕಾಗಿಲ್ಲ. ರಾತ್ರಿಯ ಊಟವಾದ ಮೇಲೆ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಓದು ಪರೀಕ್ಷೆಗಾಗಿ ಮಾತ್ರವೆಂದು ಬಗೆದ ಮಗುವು ಪರೀಕ್ಷೆ ಮುಗಿದೊಡನೆ ಕನ್ನಡವನ್ನೇ ಕೈಬಿಡುವುದು. ಹಾಗಾಗಗೊಡದಿರುವುದು ಮನೆಯ ಹಿರಿಯರ ಹೊಣೆ.