ಮನೆ ಕೊಳ್ಳುವ ಮೊದಲು ನೋಡತಕ್ಕ ಪತ್ರಗಳು

ಮಡಕೆಯೊಂದನ್ನು ಕೊಳ್ಳುವಾಗ ಬೆರಳಿನಿಂದ ತಟ್ಟಿ ನಾದವನ್ನು ಕೇಳುವ ಗೃಹಸ್ಥನು, ಜೀವಮಾನದ ಗಳಿಕೆಯನ್ನೆಲ್ಲ ಸುರಿದು ಮನೆಯನ್ನು ಕೊಳ್ಳುವಾಗ ಮಾತ್ರ ಗೋಡೆ, ಗಾಳಿ, ದಿಕ್ಕು ಇವಿಷ್ಟನ್ನೇ ನೋಡಿ ಸಂಚಕಾರವನ್ನು ಕೊಟ್ಟುಬಿಡುವನು. ಮುಂಗಡವೆಂಬ ಅರ್ಥದ ಈ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಅಪಾಯವೆಂಬ ಇನ್ನೊಂದು ಅರ್ಥವೂ ಬಂದುದು ನಿಷ್ಕಾರಣವಲ್ಲವೆಂದು ನಮಗೆ ಕಳೆದ ವರ್ಷ ತಿಳಿಯಿತು.

ನಿವೃತ್ತಿಯ ಹಣ ಕೈಗೆ ಬಂದೊಡನೆ ನಾವು ಒಂದು ಹಳೆಯ ಮನೆಯನ್ನು ಗೊತ್ತುಮಾಡಿ ಲಕ್ಷ ರೂಪಾಯಿ ಮುಂಗಡ ಕೊಟ್ಟೆವು. ಮಾರುವವರು ಹದಿನೈದು ವರ್ಷಗಳ ಋಣಭಾರ ಪತ್ರವನ್ನು, ಎಂದರೆ ಜನರು ಇ. ಸಿ. ಎಂದು ಕರೆಯುವ ಕಾಗದವನ್ನು, ತೋರಿಸಿದರು. ಅದರಲ್ಲಿ ಸಾಲವಿಲ್ಲ, ಒತ್ತೆಯಿಲ್ಲ. ಖಾತೆ ಅವರ ಹೆಸರಿನಲ್ಲಿಯೇ ಇದ್ದಿತು. ಇನ್ನೇನು ಬೇಕೆಂದು ನಾವು ಸುಮ್ಮನಾದೆವು.

ವಕೀಲವೃತ್ತಿಯಲ್ಲಿರುವ ನಮ್ಮ ಹಳೆಯ ಶಿಷ್ಯರೊಬ್ಬರು ಆ ಕಾಗದಗಳನ್ನು ನೋಡಿ, "ಮೇಷ್ಟ್ರೇ, ಇದರಲ್ಲಿ ಇರುವುದು ಸರಿಯಾಗಿದೆ, ಇಲ್ಲದ್ದು ಏನೆಂದು ನೋಡಬೇಕು" ಎಂದರು. ನೋಂದಣಿಯಾದ ವ್ಯವಹಾರಗಳು ಮಾತ್ರ ಋಣಭಾರ ಪತ್ರದಲ್ಲಿ ಕಾಣುವುವು. ಬಾಯಿಮಾತಿನ ಪಾಲುಪಟ್ಟಿ, ನೋಂದಣಿಯಾಗದ ಉಯಿಲು, ಕೋರ್ಟಿನಲ್ಲಿ ನಡೆಯುತ್ತಿರುವ ವ್ಯಾಜ್ಯ ಇವು ಕಾಣದೆ ಹೋಗಬಹುದು. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತಂದ ಸಾಲವೂ ನೋಂದಣಿಯಾಗದಿದ್ದರೆ ಅಲ್ಲಿ ಬಾರದು. ಆದುದರಿಂದ ನಕಲುಗಳಿಂದ ತೃಪ್ತರಾಗದೆ ಮೂಲಪತ್ರಗಳನ್ನೇ ಕಣ್ಣಾರೆ ಕಾಣತಕ್ಕದ್ದು. ಖಾತೆಯಂತೂ ಕಂದಾಯ ವಸೂಲಿಗಾಗಿ ಇರುವ ಲೆಕ್ಕ. ಅದು ಸ್ವಾಮಿತ್ವವನ್ನು ಕೊಡಲಾರದು. ಸಬ್‌ರಿಜಿಸ್ಟ್ರಾರರು ಪತ್ರವನ್ನು ನೋಂದಾಯಿಸುವರೇ ಹೊರತು ಮಾರುವವನು ಒಡೆಯನೇ ಎಂಬುದಕ್ಕೆ ಹೊಣೆಯಾಗುವುದಿಲ್ಲ.

ಮನೆ ಮಾರುವವರ ತಂದೆಯ ಸ್ವಯಾರ್ಜಿತ. ಅವರು ಉಯಿಲು ಬರೆಯದೆ ತೀರಿದ್ದರು. ತಾಯಿ ಅವರಿಗಿಂತ ಮೊದಲೇ ಹೋಗಿದ್ದರು. ತಂದೆಯವರು ಕೊಂಡ ದಿನದಿಂದ ಮೊದಲ್ಗೊಂಡು ಋಣಭಾರ ಪತ್ರವೂ, ಕುಟುಂಬದ ವಂಶವೃಕ್ಷವೂ ಬೇಕೆಂದು ವಕೀಲರು ಪಟ್ಟು ಹಿಡಿದರು. ಬಂದ ವಂಶವೃಕ್ಷದಲ್ಲಿ ಇದ್ದುದು ಮಗನೊಬ್ಬನ ಹೆಸರು.

ಆ ಸಂಜೆ ಪಕ್ಕದ ಮನೆಯ ಅಜ್ಜಿಯೊಬ್ಬರನ್ನು ನಾವು ಸಹಜವಾಗಿ ಮಾತನಾಡಿಸಿದೆವು. "ಒಬ್ಬನೇ ಮಗನೆ? ಅವನ ಅಕ್ಕನ ಮದುವೆಯ ಚಪ್ಪರ ಇದೇ ಅಂಗಳದಲ್ಲಿ ಹಾಕಿದ್ದರಲ್ಲ ಸ್ವಾಮಿ, ನಾನೇ ಹೂವು ಕಟ್ಟಿದೆ" ಎಂದರು ಅಜ್ಜಿ. ಯಾವ ಕಚೇರಿಯ ಪುಸ್ತಕದಲ್ಲಿಯೂ ಇಲ್ಲದ ಸಂಗತಿ ಬೇಲಿಯ ಆಚೆ ಇದ್ದಿತು.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಭೂಮಿಯ ಪರಭಾರೆಗೆ ಗ್ರಾಮ, ಜ್ಞಾತಿ, ಸಾಮಂತ, ದಾಯಾದರ ಅನುಮತಿಯನ್ನು ಹೇಳುವ ವಚನವನ್ನು ವಿಚಾರಮಾಡಿರುವನು. ಸಾಮಂತನೆಂದರೆ ಇಲ್ಲಿ ಮಾಂಡಲಿಕನಲ್ಲ, ನೆರೆಯವನು. ಗ್ರಾಮದ ಅನುಮತಿ ವ್ಯವಹಾರವು ಪ್ರಕಾಶವಾಗಲೆಂದು, ನೆರೆಯವರದು ಎಲ್ಲೆಯ ವಿವಾದ ಹುಟ್ಟದಿರಲೆಂದು ಆತನ ಅಭಿಪ್ರಾಯ. ಪಾಠಶಾಲೆಯಲ್ಲಿ ಇದನ್ನು ಓದಿದ್ದೆವು. ಉಪಯೋಗಕ್ಕೆ ಬಂದುದು ಅರುವತ್ತರ ಮೇಲೆ.

ಮಾರುವವರು ನಮ್ಮನ್ನು ವಂಚಿಸಹೊರಟರೆಂದು ಹೇಳಲಾರೆವು. ಮದುವೆಯಾಗಿ ಹೋದವಳಿಗೆ ಪಾಲಿಲ್ಲವೆಂದು ಅವರು ನಿಜವಾಗಿ ನಂಬಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾನೂನಿನಂತೆ ಇಂತಹ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಭಾಗ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿಯೂ ಮಗಳು ಹುಟ್ಟಿನಿಂದ ದಾಯಾದಿ. ನಾವು ತಮ್ಮನೊಬ್ಬನಿಂದ ಕ್ರಯಪತ್ರ ಬರೆಸಿಕೊಂಡಿದ್ದರೆ ಪೂರ್ಣ ಬೆಲೆ ತೆತ್ತು ಅರ್ಧ ಮನೆಯನ್ನು ಕೊಂಡಂತಾಗುತ್ತಿತ್ತು.

ಇನ್ನು ಖರ್ಚಿನ ಮಾತು. ಬೆಲೆಯ ಜೊತೆಗೆ ಎಷ್ಟು ಹಣ ಬೇಕೆಂಬುದನ್ನು ಮೊದಲೇ ಲೆಕ್ಕಹಾಕದೆ ಕೊನೆಯ ವಾರದಲ್ಲಿ ಹೆಂಡತಿಯ ಬಳೆಗಳನ್ನು ಒತ್ತೆಯಿಟ್ಟವರನ್ನು ನಾವು ಬಲ್ಲೆವು. ಕರ್ನಾಟಕದಲ್ಲಿ ಕ್ರಯಪತ್ರದ ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ನೂರಕ್ಕೆ 5; ಆ ಶುಲ್ಕದ ಮೇಲೆ ನೂರಕ್ಕೆ 10ರಂತೆ ಸೆಸ್, ನಗರಗಳಲ್ಲಿ ನೂರಕ್ಕೆ 2ರಂತೆ ಸರ್‌ಚಾರ್ಜು. ನೋಂದಣಿ ಶುಲ್ಕ ನೂರಕ್ಕೆ 1 ಇದ್ದುದು 2025ರ ಆಗಸ್ಟ್ 31ರಿಂದ 2 ಆಯಿತು. ನಗರದಲ್ಲಿ 60 ಲಕ್ಷದ ಮನೆಗೆ ಮುದ್ರಾಂಕ 3,00,000, ಸೆಸ್ 30,000, ಸರ್‌ಚಾರ್ಜು 6,000, ನೋಂದಣಿ 1,20,000, ಒಟ್ಟು 4,56,000 ರೂಪಾಯಿ. ಕ್ರಯದ ಬೆಲೆ, ಸರ್ಕಾರದ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಲೆಕ್ಕ. ಬೆಲೆ ಕಡಮೆ ಬರೆಸಿ ಉಳಿಸುವೆವೆಂಬ ಜಾಣತನ ಸಾಗದು, ಸಾಗಬಾರದು. ಬೆಲೆ 50 ಲಕ್ಷ ಅಥವಾ ಮೇಲ್ಪಟ್ಟರೆ ಕೊಳ್ಳುವವನೇ ನೂರಕ್ಕೆ 1ರಷ್ಟನ್ನು ಬೆಲೆಯಲ್ಲಿ ಹಿಡಿದು ಆದಾಯ ತೆರಿಗೆಗೆ ಕಟ್ಟತಕ್ಕದ್ದು. ಇದು ಹೆಚ್ಚಿನ ಖರ್ಚಲ್ಲ, ಮರೆತರೆ ಮಾತ್ರ ದಂಡ. ಕ್ರಯದ ದಿನದವರೆಗಿನ ಕಂದಾಯದ ಬಾಕಿ, ಬೇರೆ ಕರಾರಿಲ್ಲದಿದ್ದರೆ, ಮಾರುವವನದು. ವಕೀಲರ ಶೋಧನೆಯ ಫೀಜು ಇವೆಲ್ಲದರ ಮುಂದೆ ಅಲ್ಪ. ಜಿಪುಣತನ ಹುಟ್ಟುವುದು ಮಾತ್ರ ಅಲ್ಲಿಯೇ.

ಅಕ್ಕನನ್ನು ಹುಡುಕಿ ಒಪ್ಪಿಸಲು ಮೂರು ತಿಂಗಳು ಹಿಡಿಯಿತು. ಅಷ್ಟು ಕಾಲ ನಾವು ಬಾಡಿಗೆ ಕಟ್ಟಿದೆವು, ಮನೆಯವರು ಗೊಣಗಿದರು. ಬೆಲೆಯ ಅರ್ಧ ಆಕೆಯ ಹೆಸರಿನ ಬ್ಯಾಂಕ್ ಲೆಕ್ಕಕ್ಕೇ ಹೋಗಬೇಕೆಂದು ಪತ್ರದಲ್ಲಿ ಬರೆಸಿದೆವು. ನೋಂದಣಿಯ ದಿನ ಅಕ್ಕ ತಮ್ಮ ಇಬ್ಬರೂ ಮಾರುವವರಾಗಿ ರುಜು ಹಾಕಿದರು. ಕಚೇರಿಯಿಂದ ಹೊರಬಂದ ಮೇಲೆ ಆ ತಾಯಿ, "ಹಿತ್ತಲಲ್ಲಿ ಅಪ್ಪ ನೆಟ್ಟ ಕರಿಬೇವು ಇದೆಯೆ?" ಎಂದು ನಮ್ಮನ್ನು ಕೇಳಿದರು. ಇದೆ ಎಂದೆವು. ಮರುದಿನ ಬಂದು ಒಂದು ಸಸಿಯನ್ನು ಬೇರುಸಹಿತ ಕಿತ್ತುಕೊಂಡು, ಪಕ್ಕದ ಅಜ್ಜಿಯ ಮನೆಯಲ್ಲಿ ಕಾಫಿ ಕುಡಿದು ಊರಿಗೆ ಹೋದರು.