ರೈತನಿಗೆ ಆಳಿಲ್ಲ, ಆಳಿಗೆ ಕೆಲಸವಿಲ್ಲ: ಸಾಣಾಪುರದ ದಾರಿಯಲ್ಲಿ ಕೇಳುವ ತಪ್ಪು ಮಾತುಗಳು

ಗಂಗಾವತಿಯಿಂದ ಆನೆಗೊಂದಿ ಹಾದು ಸಾಣಾಪುರಕ್ಕೆ ಹೋಗುವ ದಾರಿಯಲ್ಲಿ ಕಣ್ಣಿಗೆ ಬೀಳುವುದು ಎರಡೇ: ಬಂಡೆಗುಡ್ಡ, ಭತ್ತದ ಗದ್ದೆ. ಮಳೆಗಾಲದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಈ ದಾರಿಯ ಯಾವ ಚಹಾದಂಗಡಿಯಲ್ಲಿ ಕುಳಿತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಗ್ಯಾರಂಟಿ ಬಂದಾಗಿಂದ ಆಳು ಸಿಗವಲ್ರು ನೋಡ್ರಿ. ಕುಂತಲ್ಲೇ ರೊಕ್ಕ ಬಂದ್ರ ಯಾರು ದುಡೀತಾರ?" ನಾಟಿ ಮುಗಿದು ಎರಡು ತಿಂಗಳಾದ ಮೇಲೆ ಅದೇ ಊರಿನ ಹೆಣ್ಣುಮಕ್ಕಳನ್ನು ಕೇಳಿ ನೋಡಿ. "ಕೆಲಸ ಎಲ್ಲೈತ್ರಿ ಅಣ್ಣಾ?" ಎನ್ನುತ್ತಾರೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಮೊದಲನೆಯ ಮಾತು ಊರೂರು ಸುತ್ತುತ್ತದೆ, ಪತ್ರಿಕೆಗೂ ಬರುತ್ತದೆ, ವಿಧಾನಸಭೆಗೂ ಹೋಗುತ್ತದೆ. ಎರಡನೆಯದು ಮನೆಯ ಕಟ್ಟೆ ದಾಟುವುದಿಲ್ಲ. ಸರ್ಕಾರದ ನೆರವು ಪಡೆಯುವವರು ದುಡಿಮೆಗೆ ಮರಳುವ ವಿಷಯದಲ್ಲಿ ನಮ್ಮಲ್ಲಿ ಬೇರೂರಿರುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಈ ಒಂದು ಕಿವಿಯ ಕೇಳ್ವಿಕೆಯಿಂದ ಹುಟ್ಟಿದವು.

ಕಲ್ಪನೆ: ತಿಂಗಳಾದರೆ ದುಡ್ಡು ಬರುತ್ತದೆ, ಅದಕ್ಕೇ ಯಾರೂ ಕೂಲಿಗೆ ಬರುವುದಿಲ್ಲ

ಮೊದಲು ಲೆಕ್ಕ ಮಾಡೋಣ. ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳಲ್ಲೊಂದಾದ, 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಗೃಹಲಕ್ಷ್ಮಿಯ ಹಣ ಐದೂವರೆ ದಿನದ ಕೂಲಿ. ಉಳಿದ ಇಪ್ಪತ್ನಾಲ್ಕು ದಿನ ಒಲೆ ಉರಿಯುವುದು ಹೇಗೆ? ಅಕ್ಕಿ ಪಡಿತರದಲ್ಲಿ ಬರುತ್ತದೆ, ಸರಿ. ಎಣ್ಣೆ, ಬೇಳೆ, ಮಗಳ ಕಾಲೇಜು, ಅತ್ತೆಯ ಬಿಪಿ ಮಾತ್ರೆ, ಸಂಘದ ಸಾಲದ ವಾರದ ಕಂತು ಇವುಗಳಿಗೆ ದುಡಿಯಲೇಬೇಕು.

ಹಾಗಾದರೆ ಆಳು ಸಿಗುತ್ತಿಲ್ಲ ಎಂಬ ರೈತನ ಸಂಕಟ ಎಲ್ಲಿಂದ ಬಂತು? ನಾಟಿ ಗದ್ದೆಯ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತರೆ ತಿಳಿಯುತ್ತದೆ. ಸಸಿಮಡಿಯಿಂದ ಕಿತ್ತ ಸಸಿಯ ಕಟ್ಟುಗಳು ಕೆಸರಿನಲ್ಲಿ ಅಲ್ಲಲ್ಲಿ ಬಿದ್ದಿರುತ್ತವೆ. ಹತ್ತು ಹನ್ನೆರಡು ಹೆಣ್ಣುಮಕ್ಕಳು ಸಾಲಾಗಿ ಬಗ್ಗಿ, ಎಡಗೈಯಲ್ಲಿ ಕಟ್ಟು ಹಿಡಿದು, ಬಲಗೈ ಹೆಬ್ಬೆರಳಿನಿಂದ ಎರಡೆರಡು ಸಸಿ ಒತ್ತುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಎಕರೆ ಲೆಕ್ಕದ ಗುತ್ತಿಗೆಯಾದರೆ ಸೊಂಟ ನೆಟ್ಟಗೆ ಮಾಡಲೂ ಪುರುಸೊತ್ತಿಲ್ಲ. ಇದು ಮುಗಿದರೆ ಇನ್ನೊಂದು ಗದ್ದೆ ಕಾದಿರುತ್ತದೆ. ಕಾಲುವೆಯ ನೀರು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುವುದರಿಂದ ಇಡೀ ಅಚ್ಚುಕಟ್ಟಿಗೆ ಒಂದೇ ಸಲ, ಕೆಲವೇ ವಾರಗಳ ಮಟ್ಟಿಗೆ, ಆಳು ಬೇಕಾಗುತ್ತದೆ. ಆಗ ಯಾವ ಊರಿನಲ್ಲೂ ಕೈ ಸಾಲುವುದಿಲ್ಲ. ಗ್ಯಾರಂಟಿ ಬರುವ ಮೊದಲೂ ಸಾಲುತ್ತಿರಲಿಲ್ಲ.

ನಾಟಿ ಮುಗಿಯಿತು. ಕಳೆಗೆ ಕಳೆನಾಶಕ ಬಂದಿದೆ. ಹಿಂದೆ ಇದೇ ಹೆಣ್ಣುಮಕ್ಕಳು ಕುಡುಗೋಲು ಹಿಡಿದು ಕೊಯ್ದು, ಮೆದೆ ಒಟ್ಟಿ, ಬಡಿದು, ತೂರಿ ವಾರಗಟ್ಟಲೆ ದುಡಿಯುತ್ತಿದ್ದ ಸುಗ್ಗಿಯನ್ನು ಈಗ ಕಟಾವು ಯಂತ್ರ ಗಂಟೆಗಳಲ್ಲಿ ಮುಗಿಸುತ್ತದೆ. ಹೀಗೆ ಬೆಳೆ ಉಳಿಯಿತು, ಬೆಳೆಯೊಳಗಿನ ಕೆಲಸದ ದಿನಗಳು ಹೋದವು. ನಾಟಿಯ ಕೆಲವು ವಾರ ರೈತನಿಗೆ ಆಳಿಲ್ಲ, ಉಳಿದ ತಿಂಗಳುಗಳಲ್ಲಿ ಆಳಿಗೆ ಕೆಲಸವಿಲ್ಲ.

ವರ್ಷದ ಎರಡನೇ ಬೆಳೆಯ ನಾಟಿಯಾದರೂ ಖಾತ್ರಿಯೇ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಆಮೇಲೆ 33 ಗೇಟುಗಳನ್ನೂ ಬದಲಿಸಬೇಕಾಗಿ ಬಂದು, 2025–26ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ರೈತನಿಗಾದ ನಷ್ಟದ ಸುದ್ದಿ ಬಂತು, ಬರಬೇಕಾದದ್ದೇ. ಆದರೆ ಗದ್ದೆ ಇಲ್ಲದ, ಬೇರೆಯವರ ಗದ್ದೆಯ ನಾಟಿಯನ್ನೇ ನಂಬಿದ ಮನೆಗಳಿಗೆ ಒಂದಿಡೀ ಹಂಗಾಮಿನ ಕೂಲಿ ಹೋಯಿತು ಎಂಬ ಮಾತು ಎಷ್ಟು ಜನರ ಬಾಯಲ್ಲಿ ಬಂತು? ಅಂಥ ಹೊತ್ತಿನಲ್ಲಿ ಎರಡು ಸಾವಿರ ರೂಪಾಯಿ ಒಂದು ಸಂಸಾರವನ್ನು ಊರಲ್ಲಿ ಉಳಿಸುತ್ತದೆ. ಸೋಮಾರಿತನ ಎನ್ನುವವರು ಆ ಮನೆಯ ಅಡುಗೆ ಕೋಣೆ ನೋಡಬೇಕು.

ಇದು ನಮ್ಮೂರಿನ ಅನುಭವ ಮಾತ್ರವಲ್ಲ. ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಮೆಕ್ಸಿಕೊ, ಹೊಂಡುರಾಸ್, ನಿಕರಾಗುವಾ, ಫಿಲಿಪೀನ್ಸ್, ಇಂಡೊನೇಷ್ಯಾ, ಮೊರಾಕೊ ಈ ಆರು ದೇಶಗಳ ಏಳು ಸರ್ಕಾರಿ ನಗದು ಯೋಜನೆಗಳ ಅಂಕಿಅಂಶವನ್ನು ಮತ್ತೆ ಕೂಡಿಸಿ ನೋಡಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಹಣ ಪಡೆದವರು ದುಡಿಮೆ ಕಡಿಮೆ ಮಾಡಿದರು ಎನ್ನಲು ಆಧಾರ ಸಿಗಲಿಲ್ಲ. ಫಿನ್ಲೆಂಡ್‌ನಲ್ಲಿ 2017–18ರಲ್ಲಿ 2,000 ನಿರುದ್ಯೋಗಿಗಳಿಗೆ ಯಾವ ಷರತ್ತೂ ಇಲ್ಲದೆ ತಿಂಗಳಿಗೆ 560 ಯೂರೊ ಕೊಟ್ಟರು. ಎರಡನೇ ವರ್ಷ ಅವರು ಉಳಿದ ನಿರುದ್ಯೋಗಿಗಳಿಗಿಂತ ಸರಾಸರಿ ಆರು ದಿನ ಹೆಚ್ಚೇ ಕೆಲಸ ಮಾಡಿದ್ದರು.

ಕಲ್ಪನೆ: ಕೆಲಸಕ್ಕೆ ಹೋದರೆ ಗೃಹಲಕ್ಷ್ಮಿ ನಿಲ್ಲುತ್ತದೆ, ಕಾರ್ಡು ಹೋಗುತ್ತದೆ

ಈ ಹೆದರಿಕೆ ನೆರವು ಪಡೆಯುವವರಲ್ಲೇ ಇದೆ. ಇದರಲ್ಲಿ ಅರ್ಧ ಸುಳ್ಳು, ಅರ್ಧ ನಿಜ.

ಕೂಲಿಗೆ ಹೋದ ಕಾರಣಕ್ಕೆ, ಜಾಬ್ ಕಾರ್ಡ್ ಮಾಡಿಸಿದ ಕಾರಣಕ್ಕೆ, ಸಂಘದಲ್ಲಿ ಸಾಲ ತೆಗೆದ ಕಾರಣಕ್ಕೆ ಗೃಹಲಕ್ಷ್ಮಿ ನಿಲ್ಲುವುದಿಲ್ಲ. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಮಾತ್ರ ಅನರ್ಹರು. 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದಾಗ, ಇಡ್ಲಿ ಅಂಗಡಿ ಇಟ್ಟರೂ ಜಿಎಸ್‌ಟಿ ಬೀಳುತ್ತದೆ ಎಂಬ ದಿಗಿಲು ಎಲ್ಲೆಡೆ ಹಬ್ಬಿತು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಮಾತ್ರ ನೋಂದಣಿ ಕಡ್ಡಾಯ. ಕೆರೆ ದಂಡೆಯಲ್ಲಿ ಮಿರ್ಚಿ ಭಜಿ ಕರಿಯುವ ಅಕ್ಕನ ವ್ಯಾಪಾರ ಅದರ ಹತ್ತಿರವೂ ಸುಳಿಯುವುದಿಲ್ಲ.

ನಿಜವಾದ ಅರ್ಧ ಯಾವುದು? ಬಿಪಿಎಲ್ ಕಾರ್ಡಿಗೆ ಮನೆಯ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. ದಿನಕ್ಕೆ 370 ರೂಪಾಯಿಯಂತೆ ತಿಂಗಳಿಗೆ 26 ದಿನ ಒಬ್ಬರು ದುಡಿದರೆ ವರ್ಷಕ್ಕೆ 1,15,440 ರೂಪಾಯಿ. ಗಂಡ ಹೆಂಡತಿ ಇಬ್ಬರಿಗೂ ಕಾಯಂ ಕೆಲಸ ಸಿಕ್ಕರೆ ಮಿತಿ ದಾಟಿಯೇ ದಾಟುತ್ತದೆ. ಹಾಗೆಂದು ಜನ ಕೆಲಸ ಬಿಡುವುದಿಲ್ಲ. ಕೆಲಸವನ್ನು ಕಾಗದದಿಂದ ಹೊರಗಿಡುತ್ತಾರೆ. ಪಿಎಫ್ ಬೇಡ, ಇಎಸ್‌ಐ ಬೇಡ, ಕೈಗೆ ರೊಕ್ಕ ಕೊಡ್ರಿ ಎನ್ನುತ್ತಾರೆ. ಮಾಲೀಕರಿಗೂ ಅದೇ ಬೇಕು. ಇಂದಿನ ಕಾರ್ಡು ಉಳಿಸಿಕೊಳ್ಳಲು ನಾಳಿನ ಪಿಂಚಣಿಯನ್ನೂ ಆಸ್ಪತ್ರೆಯ ಸೌಲಭ್ಯವನ್ನೂ ಕಳೆದುಕೊಳ್ಳುವ ಈ ವ್ಯವಸ್ಥೆ ತಪ್ಪು. ಮಿತಿ ದಾಟಿದ ತಕ್ಷಣ ಎಲ್ಲವನ್ನೂ ಕಿತ್ತುಕೊಳ್ಳುವ ಬದಲು ಒಂದೆರಡು ವರ್ಷ ಹಂತಹಂತವಾಗಿ ಇಳಿಸುವ ನಿಯಮ ಬರಬೇಕು.

ಕಲ್ಪನೆ: ಖಾತ್ರಿ ಕೆಲಸವೆಂದರೆ ಗುಂಡಿ ತೋಡಿ ಮುಚ್ಚುವುದು

ಕುಷ್ಟಗಿ, ಯಲಬುರ್ಗಾ ಕಡೆಯವರನ್ನು ಕೇಳಿ. ಅಲ್ಲಿ ಕಾಲುವೆಯಿಲ್ಲದ ಒಣ ಬೇಸಾಯವೇ ಹೆಚ್ಚು. ಸುಗ್ಗಿ ಮುಗಿದ ಮೇಲೆ ಬೀಗ ಹಾಕಿದ ಮನೆ, ಮುದುಕರ ಹತ್ತಿರ ಬಿಟ್ಟ ಮಕ್ಕಳು: ಗುಳೆ ಹೋಗುವುದೆಂದರೆ ಇದೇ. ಬದು, ಕೃಷಿ ಹೊಂಡ, ಕೆರೆ ಹೂಳು ಇವೆಲ್ಲ ಅಲ್ಲಿ ಬೇಸಿಗೆಯ ಕೂಲಿಯೂ ಹೌದು, ಮಳೆಗಾಲದ ನೀರೂ ಹೌದು. ಕೂಲಿ ಅಳತೆಯ ಮೇಲೆ. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ದರ. ಗದ್ದೆಯಲ್ಲಿ ಇವತ್ತಿಗೂ ಹಾಗಿಲ್ಲ. ಹಾಜರಿ ನೋಡಿಕೊಳ್ಳುವ ಕಾಯಕ ಬಂಧು ಕೂಲಿಕಾರರ ನಡುವಿನವರೇ. ತಾಯಂದಿರು ಕೆಲಸಕ್ಕೆ ಹೋದಾಗ ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯಲಾಗಿದೆ. ನನ್ನ ಮಟ್ಟಿಗೆ ಇತ್ತೀಚಿನ ಯೋಜನೆಗಳಲ್ಲೆಲ್ಲ ಅತ್ಯಂತ ಉಪಯುಕ್ತವಾದದ್ದು ಇದು. ಹೆಣ್ಣುಮಕ್ಕಳು ದುಡಿಮೆ ಬಿಡುವುದು ಕೂಸನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆಯಿಂದಲೇ ಹೊರತು ಎರಡು ಸಾವಿರದಿಂದಲ್ಲ.

ಖಾತ್ರಿಯಿಂದ ಹೊಲಕ್ಕೆ ಆಳು ಸಿಗುವುದಿಲ್ಲ ಎಂಬ ದೂರನ್ನು ಪಕ್ಕದ ಆಂಧ್ರದಲ್ಲಿ ಕಾರ್ತಿಕ್ ಮುರಳೀಧರನ್ ಮತ್ತಿತರರು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. ಸ್ಮಾರ್ಟ್‌ಕಾರ್ಡ್ ಮೂಲಕ ಕೂಲಿ ಸರಿಯಾಗಿ ತಲುಪಿದ ಕಡೆ ಖಾಸಗಿ ಕೂಲಿಯ ದರವೂ ಏರಿತು, ಖಾಸಗಿ ಕೆಲಸವೂ ಕಡಿಮೆಯಾಗಲಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆ ಖಾತ್ರಿ ಕೆಲಸದ ದಿನಗಳನ್ನು ವರ್ಷಕ್ಕೆ 100ರಿಂದ 125ಕ್ಕೆ ಏರಿಸಿದೆ. ಜೊತೆಗೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನದವರೆಗೆ ಕೆಲಸ ನಿಲ್ಲಿಸಲು ಅವಕಾಶ ಕೊಟ್ಟಿದೆ. ನಾಟಿ ಕಾಲದ ರೈತರಿಗೆ ಇದು ಸಮಾಧಾನ ತಂದೀತು. ಆದರೆ ಕೊಯ್ಲನ್ನು ಯಂತ್ರ ಮಾಡುವ ಗಂಗಾವತಿ ಸೀಮೆಯಲ್ಲಿ ಕೊಯ್ಲಿನ ಹೆಸರಿನಲ್ಲಿ ಖಾತ್ರಿ ನಿಲ್ಲಿಸಿದರೆ ಆ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ಅದೂ ಇಲ್ಲ, ಇದೂ ಇಲ್ಲ.

ಕಲ್ಪನೆ: ಯುವನಿಧಿ ಕೊಟ್ಟರೆ ಪದವೀಧರರು ನೌಕರಿ ಹುಡುಕುವುದಿಲ್ಲ

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭವಾದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ. ಅದೂ ಓದು ಮುಗಿದು 180 ದಿನ ಕೆಲಸ ಸಿಗದಿದ್ದರೆ, ಹೆಚ್ಚೆಂದರೆ ಎರಡು ವರ್ಷ. ಗಂಗಾವತಿ ಬಸ್ ನಿಲ್ದಾಣದ ಸುತ್ತ ಪರೀಕ್ಷೆ ಅರ್ಜಿ ತುಂಬುತ್ತ ನಿಂತ ಹುಡುಗರಿಗೆ ಅರ್ಜಿ ಶುಲ್ಕ, ಪುಸ್ತಕ, ಧಾರವಾಡಕ್ಕೆ ಹೋಗಿಬರುವ ಖರ್ಚು ಎಲ್ಲ ಇದರಲ್ಲೇ. ದೋಷ ಬೇರೆಡೆ ಇದೆ. ಅಪ್ರೆಂಟಿಸ್ ಭತ್ಯೆ ಪಡೆಯುವವರು ಈ ಯೋಜನೆಗೆ ಅರ್ಹರಲ್ಲ. ಕೆಲಸ ಕಲಿಯಲು ಹೊರಟವನ ಕೈಯಿಂದ ಕಿತ್ತುಕೊಂಡು ಮನೆಯಲ್ಲಿ ಕಾಯುವವನಿಗೆ ಕೊಡುವ ಈ ನಿಯಮವನ್ನು ಮೊದಲು ತಿದ್ದಬೇಕು.

ಕಲ್ಪನೆ: ತರಬೇತಿ ಕೊಟ್ಟರೆ ತಾನಾಗಿ ದುಡಿದು ಉಣ್ಣುತ್ತಾರೆ

ಒಂದೇ ಊರಿನ ನಲವತ್ತು ಜನಕ್ಕೆ ಹೊಲಿಗೆ ಕಲಿಸಿ ಪ್ರಮಾಣಪತ್ರ ಕೊಟ್ಟರೆ ಆ ಊರಿನಲ್ಲಿ ನಲವತ್ತು ರವಿಕೆ ಹೊಲಿಸುವವರೂ ಬೇಕಲ್ಲ! 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಕಟ್ಟಿದ ರುಡ್‌ಸೆಟ್ ಸಂಸ್ಥೆ ತರಬೇತಿಯೊಂದೇ ಸಾಲದು ಎಂಬುದನ್ನು ಆಗಲೇ ಅರಿತಿತ್ತು. ಊಟ ವಸತಿ ಸಹಿತ ಉಚಿತವಾಗಿ ಕೆಲವೇ ವಾರ ಕಲಿಸುವುದು, ಆಮೇಲೆ ಎರಡು ವರ್ಷ ಬೆನ್ನಿಗೆ ನಿಂತು ಬ್ಯಾಂಕ್ ಸಾಲ ಕೊಡಿಸಿ, ಎಡವಿದಾಗ ಎತ್ತುವುದು ಅದರ ಕ್ರಮ. ದೇಶದ ಜಿಲ್ಲೆ ಜಿಲ್ಲೆಗಳಲ್ಲಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು (ಆರ್‌ಸೆಟಿ) ಇದೇ ಮಾದರಿಯವು, ಕೊಪ್ಪಳದಲ್ಲಿರುವುದೂ ಸೇರಿ. ಕಲಿಸುವ ವಾರಗಳಿಗಿಂತ ಆಮೇಲಿನ ಎರಡು ವರ್ಷ ದೊಡ್ಡದು.

ಸಾಣಾಪುರದ ನೆರೆಯ ಆನೆಗೊಂದಿಯಲ್ಲೇ ಇನ್ನೊಂದು ಉದಾಹರಣೆಯಿದೆ. ಗೊನೆ ಕಡಿದ ಮೇಲೆ ಬಾಳೆಯ ದಿಂಡು ತಿಪ್ಪೆಗೆ ಹೋಗುತ್ತಿತ್ತು. 1997ರಲ್ಲಿ ಶಮಾ ಪವಾರ್ ಅವರು ಆರಂಭಿಸಿದ ಕಿಷ್ಕಿಂದಾ ಟ್ರಸ್ಟ್ ಮೂಲಕ ಅಲ್ಲಿನ ಹೆಣ್ಣುಮಕ್ಕಳು ಆ ದಿಂಡಿನ ನಾರನ್ನು ಹುರಿ ಮಾಡಿ, ಚೀಲ, ಚಾಪೆ ಹೆಣೆಯಲು ಕಲಿತರು. ಕಚ್ಚಾ ಮಾಲು ಊರಲ್ಲೇ, ಕೆಲಸ ಮನೆಯ ಹತ್ತಿರವೇ, ಕೊಳ್ಳುವವರು ಹಂಪಿಗೆ ಬರುವವರು. ಈ ಮೂರೂ ಕೂಡಿದ್ದರಿಂದ ಆ ಕೆಲಸ ನೆಲೆನಿಂತಿತು.

ಕಲ್ಪನೆ: ಸ್ವಾವಲಂಬಿ ಎಂದರೆ ಯಾರ ನೆರವೂ ಬೇಡದವನು

ಸಾಣಾಪುರ ಕೆರೆಯ ಹರಿಗೋಲನ್ನು ನೋಡಿ. ಬಿದಿರ ಸೀಳು ಹೆಣೆದು ಬುಟ್ಟಿ ಮಾಡಿ, ಮೇಲೆ ಹಾಳೆ ಹೊದಿಸಿ, ಡಾಂಬರು ಬಳಿಯುತ್ತಾರೆ. ಹಾಳೆಯ ಜಾಗದಲ್ಲಿ ಹಿಂದೆ ಚರ್ಮವಿತ್ತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹೊಳೆಯಲ್ಲಿ ಕಂಡದ್ದೂ ಇದೇ ಬುಟ್ಟಿದೋಣಿ. ಒಂದು ಹುಟ್ಟಿನಿಂದ ಅದನ್ನು ತಿರುಗಿಸುವ ಕೈಗೆ ಯಾರೂ ತರಬೇತಿ ಕೊಡಬೇಕಿಲ್ಲ. ಆದರೂ ಆ ಕೈಯ ದುಡಿಮೆ ಎಷ್ಟು ಜನರನ್ನು ನೆಚ್ಚಿಕೊಂಡಿದೆ! ಕಾಲುವೆಯಲ್ಲಿ ನೀರಿರಬೇಕು, ಪ್ರವಾಸಿಗರು ಬರಬೇಕು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರುಪಾಪುರಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದವು, ಬೆನ್ನಿಗೇ ಕೊರೊನಾ ಬಂತು. ಆಮೇಲೆ ಹೋಮ್‌ಸ್ಟೇಗಳು ಸಾಣಾಪುರದ ಕಡೆ ಬೆಳೆದವು. 2025ರ ಮಾರ್ಚ್‌ನಲ್ಲಿ ಕಾಲುವೆ ದಂಡೆಯ ಮೇಲೆ ಪ್ರವಾಸಿಗರ ಗುಂಪಿನ ಮೇಲೆ ನಡೆದ ಅತ್ಯಾಚಾರ, ಕೊಲೆಯ ಹೇಯ ಕೃತ್ಯದ ನಂತರ ಪ್ರವಾಸಿಗರು ಹಿಂಜರಿದರು. ಕೋಣೆ ಗುಡಿಸುವವಳು, ಅಡುಗೆಯವನು, ಹರಿಗೋಲಿನವನು ಯಾವ ತಪ್ಪನ್ನೂ ಮಾಡಿರಲಿಲ್ಲ.

ಇಂಥ ಹೊಡೆತ ತಾಳಲು ದುಡಿಯುವವರಿಗೂ ಆಸರೆ ಬೇಕು. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಿಂದ ಕಡುಬಡವರಿಗೆ ಒಂದು ಹಸುವನ್ನೋ ಆಡುಗಳನ್ನೋ ಕೊಟ್ಟು ಜೊತೆಗೆ ಕೆಲಕಾಲ ಊಟದ ಖರ್ಚಿಗೆ ಹಣವನ್ನೂ ಕೊಡುತ್ತದೆ, ವಾರವಾರ ಮನೆಗೆ ಹೋಗಿ ವಿಚಾರಿಸುತ್ತದೆ. ಊಟದ ಹಣ ಏಕೆ? ಅದಿಲ್ಲದಿದ್ದರೆ ಮೊದಲ ಕಷ್ಟಕ್ಕೇ ಆಡು ಸಂತೆ ಸೇರುತ್ತದೆ. ಭಾರತವೂ ಸೇರಿ ಆರು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ನಡುವೆ ಈ ಕ್ರಮವನ್ನು ಸಂಶೋಧಕರು ಪರೀಕ್ಷಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರವು ನಿಂತು ಒಂದು ವರ್ಷವಾದ ಮೇಲೂ ಆ ಮನೆಗಳ ಊಟ, ಆದಾಯ, ಉಳಿತಾಯ ನೆರವು ಸಿಗದ ಅಂಥದೇ ಮನೆಗಳಿಗಿಂತ ಮೇಲಿದ್ದವು. ನಮ್ಮ ಗೃಹಲಕ್ಷ್ಮಿ ಆ ಊಟದ ಹಣದ ಜಾಗದಲ್ಲಿ ಆಗಲೇ ಇದೆ. ಆಡು ಮತ್ತು ವಾರವಾರ ವಿಚಾರಿಸುವವರು ಬರಬೇಕಾಗಿದೆ.

ಗದ್ದೆಯುಳ್ಳ ಓದುಗರಲ್ಲಿ ಒಂದು ಕೋರಿಕೆ. ನಾಟಿ ಮುಗಿದ ದಿನ ಕೂಲಿ ಕೊಟ್ಟು ಕಳಿಸುವಾಗ, ಮುಂದಿನ ವಾರ ಕೆಲಸವಿದೆಯೇ ಎಂದು ಆ ಅಕ್ಕಂದಿರನ್ನು ಕೇಳಿ. ಇಲ್ಲ ಎಂದರೆ ಪಂಚಾಯಿತಿಗೆ ಜೊತೆಯಲ್ಲಿ ಹೋಗಿ ಖಾತ್ರಿ ಕೆಲಸಕ್ಕೆ ಅರ್ಜಿ ಕೊಡಿಸಿ, ದಿನಾಂಕ ಹಾಕಿದ ರಸೀತಿ ಬರೆಸಿಕೊಳ್ಳಿ. ರಸೀತಿ ಕೈಯಲ್ಲಿದ್ದು 15 ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳುವ ಹಕ್ಕು ಅವರದು.