ರೇಷನ್ ಎತ್ತಲಿಲ್ಲ ಅಂದರೆ ಬೇಡ ಅಂತಲ್ಲ

ದೀಪಾವಳಿ ಮುಗಿಯುತ್ತಿದ್ದಂತೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ತಾಂಡಾಗಳಲ್ಲಿ, ಊರಂಚಿನ ಓಣಿಗಳಲ್ಲಿ ಮನೆಗಳಿಗೆ ಕೀಲಿ ಬೀಳತೊಡಗುತ್ತದೆ. ಕೆಲವರು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಉಳಿದವರು ಮುಂಬೈ, ಪುಣೆ, ಗೋವಾ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ದೇಶದ ಗಡಿ ದಾಟಿ ಬಂದವರಿಗೆ ನಿರಾಶ್ರಿತರೆಂಬ ಹೆಸರಾದರೂ ಉಂಟು. ಹೀಗೆ ದುಡಿಯಲು ಗುಳೆ ಹೋದವರಿಗೆ ಅದೂ ಇಲ್ಲ. ಊರಿನ ಲೆಕ್ಕದಲ್ಲಿ ಇಲ್ಲದವರು, ಹೋದಲ್ಲಿ ಹೊರಗಿನವರು. ಸರ್ಕಾರದ ಸವಲತ್ತಿಗೆ ಕತ್ತರಿ ಬಿದ್ದಾಗಲೆಲ್ಲ ಇವರಿಗೆ ಪೆಟ್ಟು ಜಾಸ್ತಿ. ಅದು ಸರಿಯೇ ಅನ್ನಿಸುವಂಥ ಕೆಲವು ಮಾತುಗಳು ಊರ ಕಟ್ಟೆಯ ಮೇಲೂ ಕಚೇರಿಯಲ್ಲೂ ಸಲೀಸಾಗಿ ಓಡಾಡುತ್ತವೆ.

ತಪ್ಪು ಕಲ್ಪನೆ: ಆರು ತಿಂಗಳು ರೇಷನ್ ಎತ್ತದವರಿಗೆ ರೇಷನ್ ಬೇಕಾಗಿಲ್ಲ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಪಡಿತರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದಿತು. ಆರು ತಿಂಗಳು ಧಾನ್ಯ ಎತ್ತದ ಕಾರ್ಡನ್ನು ತಾತ್ಕಾಲಿಕವಾಗಿ ತಡೆಹಿಡಿದು, ಮೂರು ತಿಂಗಳೊಳಗೆ ಮನೆಗೆ ಹೋಗಿ ಪರಿಶೀಲಿಸಬೇಕು ಎಂಬುದು ಅದರ ಸಾರ. ಬೋಗಸ್ ಕಾರ್ಡ್ ಹಿಡಿಯುವ ಉದ್ದೇಶ ತಪ್ಪೇನಲ್ಲ. ಆದರೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು ಶುರುವಾಗುವುದು ಅಕ್ಟೋಬರ್–ನವೆಂಬರಿನಲ್ಲಿ, ಮುಗಿಯುವುದು ಮಾರ್ಚ್–ಏಪ್ರಿಲ್‌ಗೆ. ಅದೂ ಹತ್ತಿರ ಹತ್ತಿರ ಆರು ತಿಂಗಳೇ! ಸತ್ತವರ ಹೆಸರಿನ ಕಾರ್ಡೂ ದುಡಿಯಲು ಹೋದವರ ಕಾರ್ಡೂ ಕಂಪ್ಯೂಟರಿಗೆ ಒಂದೇ. ಪರಿಶೀಲನೆಗೆ ಬಂದವರಿಗೆ ಕಾಣುವುದೂ ಬಾಗಿಲಿನ ಕೀಲಿ ಮಾತ್ರ. "ಬಾಂಬೆಕ್ಕ ದುಡಿಲಾಕ ಹೋಗ್ಯಾರ್ರಿ" ಅಂತ ಪಕ್ಕದ ಮನೆಯವರು ಹೇಳಿದ್ದು ಕಡತಕ್ಕೆ ಏರಬೇಕಲ್ಲ?

ತಪ್ಪು ಕಲ್ಪನೆ: 'ಒಂದು ದೇಶ, ಒಂದು ಪಡಿತರ ಚೀಟಿ' ಬಂದಮೇಲೆ ಎಲ್ಲಿದ್ದರೂ ಎಲ್ಲವೂ ಸಿಗುತ್ತದೆ.

ಇದು ಅರ್ಧ ಸತ್ಯ, ಆದ್ದರಿಂದಲೇ ಹೆಚ್ಚು ತೊಂದರೆಯದು. 2020ರ ಜನವರಿಯಲ್ಲಿ ಈ ವ್ಯವಸ್ಥೆಗೆ ಸೇರಿದ 12 ರಾಜ್ಯಗಳಲ್ಲಿ ಕರ್ನಾಟಕ, ಮಹಾರಾಷ್ಟ್ರ, ಗೋವಾ ಮೂರೂ ಇದ್ದವು. ಕೊರೊನಾ ಕಾಲದಲ್ಲಿ ವಲಸೆ ಕಾರ್ಮಿಕರ ಪಾಡು ಕಂಡ ಸುಪ್ರೀಂ ಕೋರ್ಟ್, ಎಲ್ಲ ರಾಜ್ಯಗಳೂ 2021ರ ಜುಲೈ 31ರೊಳಗೆ ಇದನ್ನು ಜಾರಿಗೆ ತರಬೇಕೆಂದು ಆದೇಶಿಸಿತು. ಆದರೆ ಹೊರರಾಜ್ಯದಲ್ಲಿ ಸಿಗುವುದು 2013ರ ಆಹಾರ ಭದ್ರತಾ ಕಾಯ್ದೆಯ ಪಾಲು, ಅಂದರೆ ಆದ್ಯತಾ (ಬಿಪಿಎಲ್) ಕಾರ್ಡಿನವರಿಗೆ ತಲೆಗೆ 5 ಕಿಲೋ. ಕರ್ನಾಟಕ ತನ್ನ ಲೆಕ್ಕದಲ್ಲಿ ಸೇರಿಸಿ ಕೊಡುವ ಅನ್ನಭಾಗ್ಯದ ಪಾಲು ಗಡಿ ದಾಟುವುದಿಲ್ಲ.

ಇನ್ನು ರೇಷನ್ ಅಂಗಡಿಯ ಯಂತ್ರಕ್ಕೆ ಬೆರಳಚ್ಚು ಬೇಕು. ಸಿಮೆಂಟು ಕಲಸಿ, ಕಬ್ಬು ಕಡಿದು ಸವೆದ ಬೆರಳನ್ನು ಅದು ಎಷ್ಟೋ ಸಲ ಒಪ್ಪುವುದಿಲ್ಲ. ಕಬ್ಬು ಕಡಿಯುವವರ ಟೋಳಿ ಗದ್ದೆಯಿಂದ ಗದ್ದೆಗೆ ಹೋಗುತ್ತಿರುತ್ತದೆ. ರೇಷನ್ ಅಂಗಡಿ ಯಾವ ಊರಲ್ಲಿದೆ, ಯಾವ ದಿನ ತೆರೆದಿರುತ್ತದೆ ಎಂದು ವಿಚಾರಿಸಲು ಒಂದು ದಿನದ ಕೂಲಿ ಬಿಡಬೇಕು. ಹಕ್ಕು ಇದೆ, ಕೈಗೆ ಬರುವುದು ಕಷ್ಟ.

ತಪ್ಪು ಕಲ್ಪನೆ: ಕಾರ್ಡ್ ಹೋದರೆ ಹೋಗುವುದು ಅಕ್ಕಿ ಅಷ್ಟೇ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಕಾರ್ಡ್ ಎಪಿಎಲ್‌ಗೆ ಬದಲಾದರೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ ಶೇ 30 ಮಾತ್ರ. ಕಟ್ಟಡದ ಮೇಲಿಂದ ಬಿದ್ದು ಊರಿಗೆ ಮರಳಿದವನಿಗೆ ಕಾರ್ಡ್ ನೆನಪಾಗುವುದೇ ಆಸ್ಪತ್ರೆಯ ಕೌಂಟರಿನಲ್ಲಿ. ಹೊಸ ಬಿಪಿಎಲ್ ಅರ್ಜಿಯ ಪೋರ್ಟಲ್ ಸದಾ ತೆರೆದೂ ಇರುವುದಿಲ್ಲ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಕಾರ್ಡ್ ರದ್ದತಿಯ ಗದ್ದಲ ಎದ್ದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿಸುವುದಾಗಿ ಸರ್ಕಾರವೇ ಹೇಳಬೇಕಾಯಿತು. ರದ್ದಾದವರೆಲ್ಲ ಉಳ್ಳವರೇ ಆಗಿದ್ದರೆ ಆ ಮಾತು ಬರುತ್ತಿರಲಿಲ್ಲ.

ತಪ್ಪು ಕಲ್ಪನೆ: ಬಿಟ್ಟಿ ಕೊಡುವುದು ನಿಂತರೆ ಜನ ದಾರಿಗೆ ಬರುತ್ತಾರೆ, ಗುಳೆಯೂ ನಿಲ್ಲುತ್ತದೆ.

ಬ್ರಿಟನ್ನಿನಲ್ಲೂ ಇದೇ ವಾದ. ಆಶ್ರಯ ಕೋರಿ ಬಂದವರು ಭತ್ಯೆಯ ಆಸೆಗೆ ಬರುತ್ತಾರೆ ಎನ್ನುತ್ತಾರೆ. ಅಲ್ಲಿ ಸ್ವಂತ ಅಡುಗೆ ಮಾಡಿಕೊಳ್ಳುವವರಿಗೆ 2024ರಿಂದ ಸಿಗುತ್ತಿದ್ದದ್ದು ವಾರಕ್ಕೆ 49 ಪೌಂಡ್ ಚಿಲ್ಲರೆ. ಮೊದಲ ವರ್ಷ ದುಡಿಯಲು ಅನುಮತಿಯೂ ಇಲ್ಲ. ಅಷ್ಟಕ್ಕಾಗಿ ದೋಣಿಯಲ್ಲಿ ಯಾರೂ ಮಗುವನ್ನು ಕೂರಿಸುವುದಿಲ್ಲ.

ನಮ್ಮಲ್ಲೂ ಜನ ಹೊರಡುವುದು ಮಳೆಯಾಶ್ರಿತ ಹೊಲ, ಕೈಕೊಟ್ಟ ತೊಗರಿ, ಭೀಮೆಯ ಪ್ರವಾಹ, ಸಾಲಗಳಿಂದಾಗಿ. ಪ್ರಾದೇಶಿಕ ಅಸಮಾನತೆ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳನ್ನು ಅತ್ಯಂತ ಹಿಂದುಳಿದ ಪಟ್ಟಿಗೆ ಸೇರಿಸಿತ್ತು. ಉದ್ಯೋಗ ಖಾತ್ರಿಯ ನರೇಗಾ 2006ರಲ್ಲಿ ಮೊದಲು ಬಂದ ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಆದರೂ 2025–26ರ 370 ರೂಪಾಯಿ ಕೂಲಿಯಲ್ಲಿ ನೂರು ದಿನ ಪೂರ್ತಿ ಸಿಕ್ಕರೂ ಮನೆಗೆ ವರ್ಷಕ್ಕೆ ಬರುತ್ತಿದ್ದದ್ದು 37,000 ರೂಪಾಯಿ. ಕಬ್ಬು ಕಡಿಯಲು ಆಳುಗಳನ್ನು ಕರೆದೊಯ್ಯುವ ಮುಕಾದಮನ ಮುಂಗಡ ಹೊರಡುವ ಮೊದಲೇ ಕೈಸೇರುತ್ತದೆ, ನರೇಗಾ ಕೂಲಿ ದುಡಿದ ಮೇಲೂ ಕಾಯಿಸುತ್ತಿತ್ತು. ಊರಿನ ರೇಷನ್ ಕಡಿದರೆ ಹೊರಡುವ ಮನೆಗಳು ಹೆಚ್ಚುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಾಗಾಗಿ ಗುಳೆ ಹೊರಡುವವರು ಮೊದಲೇ ಮನೆಯವರೆಲ್ಲರ ಇ-ಕೆವೈಸಿ ಮುಗಿಸಿ, ಕಾರ್ಡ್ ನಂಬರ್ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಉಳಿದ ಹಿರಿಯರು ತಪ್ಪದೆ ರೇಷನ್ ಎತ್ತಲಿ. ಹೊರರಾಜ್ಯದಲ್ಲಿ ಕೊಡದಿದ್ದರೆ 14445ಕ್ಕೆ, ಇಲ್ಲಿ ತಕರಾರಾದರೆ 1967ಕ್ಕೆ ಫೋನ್ ಮಾಡಿ. ಪಂಚಾಯಿತಿಯವರು ಯಾರ್ಯಾರು ಗುಳೆ ಹೋದರೆಂದು ಪಟ್ಟಿ ಮಾಡಿ ಆಹಾರ ಇಲಾಖೆಗೆ ಕೊಡಲಿ. ಪರಿಶೀಲನೆಯನ್ನು ಯುಗಾದಿಗೆ ಜನ ಊರಿಗೆ ಬಂದಾಗ ಇಟ್ಟುಕೊಳ್ಳಲಿ.